ಆಲ್ಫಾ 0.91 ಬಂದಿದೆ. ಆರು ಪ್ರಶ್ನೆಗಳ ಸುಸ್ತಿನ ಪ್ರಶ್ನಾವಳಿ ಸಿದ್ಧ ಅನ್ನಬಹುದಾ?

ಆರುಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಾನು ಪಿಜಿ ವಿದ್ಯಾರ್ಥಿನಿ. ದೀರ್ಘಕಾಲದ ಕಾಯಿಲೆ ಇರುವವರ ಸುಸ್ತನ್ನು ಅಳೆಯುವುದು ನನ್ನ ಥೀಸಿಸ್ ವಿಷಯ. ಕೈಯಲ್ಲಿ 24 ಪ್ರಶ್ನೆಗಳ ಒಂದು ಪ್ರಶ್ನಾವಳಿ ಇತ್ತು. ಮೊದಲೇ ಬಳಲಿರುವವರಿಗೆ ಅಷ್ಟೊಂದು ಪ್ರಶ್ನೆ ಹೊರೆ ಅನ್ನಿಸಿ, ಅದನ್ನು ಆರಕ್ಕೆ ಇಳಿಸಿದ್ದೇನೆ. ಪ್ರತಿ ಪ್ರಶ್ನೆಗೆ 0ಯಿಂದ 4 ಅಂಕ. ಒಟ್ಟು 24. ಹೋದ ಏಳು ದಿನಗಳ ಬಗ್ಗೆ ಕೇಳುತ್ತದೆ.

ಪ್ರಶ್ನೆಗಳನ್ನು ಆರಿಸಿದ ರೀತಿ ಹೀಗೆ: ಒಟ್ಟು ಅಂಕದ ಜೊತೆ ಯಾವ ಪ್ರಶ್ನೆಗೆ ಜಾಸ್ತಿ ಕೋರಿಲೇಷನ್ (ಎರಡು ಅಂಕಗಳು ಒಟ್ಟಿಗೆ ಏರಿಳಿಯುವ ಪ್ರಮಾಣ, 1 ಅಂದರೆ ಪೂರ್ತಿ) ಇದೆಯೋ ಆ ಆರನ್ನು ಇಟ್ಟುಕೊಂಡೆ. ಸುಮಾರು 150 ಜನರ ಡೇಟಾ. ಮೂಲ ಪ್ರಶ್ನಾವಳಿಯ ಕ್ರಾನ್‌ಬಾಕ್ ಆಲ್ಫಾ, ಅಂದರೆ ಪ್ರಶ್ನೆಗಳು ಒಂದಕ್ಕೊಂದು ಎಷ್ಟು ಹೊಂದುತ್ತವೆ ಎಂದು ತೋರಿಸುವ ಅಂಕಿ, 0.91. ನನ್ನ ಆರು ಪ್ರಶ್ನೆಗಳದ್ದೂ 0.91. ಎರಡೂ ಅಂಕಗಳ ನಡುವೆ ಕೋರಿಲೇಷನ್ 0.94.

ಅಂದರೆ 18 ಪ್ರಶ್ನೆ ಕೈಬಿಟ್ಟರೂ ಏನೂ ಕಳೆದುಕೊಂಡಿಲ್ಲ ಅಲ್ವಾ? ಗೈಡ್ ಕೂಡ ಸಾಕು ಅಂದಿದ್ದಾರೆ. ಆದರೆ ಪರೀಕ್ಷಕರು ಅಳತೆಯ ಗುಣಮಟ್ಟದ ಬಗ್ಗೆ ಕೇಳಿದರೆ ಇನ್ನೇನು ಹೇಳಬೇಕು ಎಂದು ಗೊತ್ತಾಗುತ್ತಿಲ್ಲ. ದಯವಿಟ್ಟು ತಿಳಿದವರು ಹೇಳಿ.

ಡೇಟಾಪ್ರಿಯ

0.7 ದಾಟಿದರೆ ಸಾಕು, 0.91 ಅಂದರೆ ತುಂಬಾ ಚೆನ್ನಾಗಿದೆ. ಧೈರ್ಯವಾಗಿ ಬರೆಯಿರಿ.

ಲೆಕ್ಕದಮೇಷ್ಟ್ರು

ಡೇಟಾಪ್ರಿಯ ಅವರೇ, ಈ ಸಲಹೆಯನ್ನು ಒಪ್ಪಲಾರೆ. ಇಲ್ಲಿ 0.91 ಅನ್ನುವುದೇ ನನಗೆ ಅನುಮಾನ ಹುಟ್ಟಿಸುತ್ತಿದೆ. ಯಾಕೆ ಅಂತ ಲೆಕ್ಕ ಹಾಕಿಯೇ ತೋರಿಸುತ್ತೇನೆ.

ಆಲ್ಫಾ ಎರಡು ವಿಷಯಗಳ ಮೇಲೆ ನಿಂತಿದೆ. ಪ್ರಶ್ನೆಗಳು ಎಷ್ಟಿವೆ ಅನ್ನುವುದು ಒಂದು. ಅವು ಒಂದಕ್ಕೊಂದು ಎಷ್ಟು ಹೊಂದಿಕೊಂಡಿವೆ ಅನ್ನುವುದು ಇನ್ನೊಂದು. 24 ಪ್ರಶ್ನೆಗಳಿದ್ದಾಗ ಅವುಗಳ ನಡುವಿನ ಸರಾಸರಿ ಕೋರಿಲೇಷನ್ ಬರೀ 0.3 ಇದ್ದರೂ ಆಲ್ಫಾ 0.91 ಬರುತ್ತದೆ. ಪ್ರಶ್ನೆಗಳು ಜಾಸ್ತಿ ಇದ್ದಷ್ಟೂ ಅದು ತಾನಾಗಿಯೇ ಏರುತ್ತದೆ. ಅದೇ ಗುಂಪಿನಿಂದ ಕಣ್ಣುಮುಚ್ಚಿ ಆರು ಪ್ರಶ್ನೆ ಎತ್ತಿಕೊಂಡಿದ್ದರೆ ಎಷ್ಟು ಬರಬೇಕಿತ್ತು? ಪ್ರಶ್ನೆಗಳ ಸಂಖ್ಯೆ ಬದಲಾದರೆ ಆಲ್ಫಾ ಎಷ್ಟಾಗುತ್ತದೆ ಎಂದು ಹೇಳುವ ಸ್ಪಿಯರ್‌ಮನ್-ಬ್ರೌನ್ ಸೂತ್ರ 1910ರಿಂದಲೂ ಇದೆ. ಹಾಕಿ ನೋಡಿ. ಸುಮಾರು 0.72 ಬರುತ್ತದೆ.

ನಿಮಗೆ ಬಂದಿರುವುದು 0.91. ಆರೇ ಪ್ರಶ್ನೆಗಳಲ್ಲಿ 0.91 ಬರಬೇಕಾದರೆ ಅವುಗಳ ನಡುವಿನ ಸರಾಸರಿ ಕೋರಿಲೇಷನ್ 0.63 ಇರಬೇಕು. ಮೂಲದಲ್ಲಿ 0.3 ಇದ್ದದ್ದು ಇಲ್ಲಿ ಎರಡು ಪಟ್ಟಿಗಿಂತ ಜಾಸ್ತಿ ಆಗಿದೆ. ನೀವು ಆರಿಸಿದ ರೀತಿಯಿಂದಲೇ ಹೀಗಾಗಿದೆ. ಒಟ್ಟು ಅಂಕದ ಜೊತೆ ಹೆಚ್ಚು ಹೊಂದುವ ಪ್ರಶ್ನೆಗಳನ್ನು ಆರಿಸುತ್ತಾ ಹೋದರೆ, ಒಂದೇ ಮಾತನ್ನು ಬೇರೆ ಬೇರೆ ಬಗೆಯಲ್ಲಿ ಕೇಳುವ ಪ್ರಶ್ನೆಗಳು ಉಳಿಯುತ್ತವೆ. ಒಬ್ಬನೇ ಸಾಕ್ಷಿಯನ್ನು ನಾಲ್ಕು ಸಲ ಕಟಕಟೆಗೆ ಕರೆದಂತೆ ಅದು. ಹೇಳಿಕೆಗಳು ತಾಳೆಯಾಗುತ್ತವೆ, ಆದರೆ ಹೊಸದೇನೂ ತಿಳಿಯುವುದಿಲ್ಲ.

ನಿಮ್ಮ ಆರು ಪ್ರಶ್ನೆಗಳನ್ನು ಇಲ್ಲಿ ಹಾಕುತ್ತೀರಾ?

ಆರುಪ್ರಶ್ನೆ

ಹಾಕುತ್ತೇನೆ ಮೇಷ್ಟ್ರೇ.

1. ನನಗೆ ಸುಸ್ತಾಗಿತ್ತು.
2. ನಾನು ಬೇಗ ದಣಿದೆ.
3. ಮೈಯಲ್ಲಿ ಶಕ್ತಿ ಇರಲಿಲ್ಲ.
4. ದಿನವಿಡೀ ಬಳಲಿಕೆ ಇತ್ತು.
5. ಕೆಲಸದ ನಡುವೆ ಕೂತು ಸುಧಾರಿಸಿಕೊಳ್ಳಬೇಕಾಯಿತು.
6. ಸುಸ್ತಿನಿಂದ ಮನೆಗೆಲಸ ಅಥವಾ ಹೊರಗಿನ ಕೆಲಸ ಮಾಡಲು ಆಗಲಿಲ್ಲ.

ದೀರ್ಘರೋಗಿ

ನಾನು ಅಂಕಿಸಂಖ್ಯೆ ಓದಿದವನಲ್ಲ. ಕಿಡ್ನಿ ತೊಂದರೆಯಿಂದ ವರ್ಷಗಳಿಂದ ಡಯಾಲಿಸಿಸ್‌ನಲ್ಲಿ ಇರುವವನು. ಇಂಥ ಹಾಳೆಗಳನ್ನು ಬೇಕಾದಷ್ಟು ತುಂಬಿದ್ದೇನೆ. ಒಂದೆರಡು ಮಾತು ಹೇಳಬಹುದಾ?

ಮೊದಲ ನಾಲ್ಕು ಪ್ರಶ್ನೆಗಳಿಗೆ ನಾನು ಒಂದೇ ಗೆರೆಯಲ್ಲಿ ಟಿಕ್ ಹಾಕಿಬಿಡುತ್ತೇನೆ. ನನಗೆ ಅವುಗಳಲ್ಲಿ ವ್ಯತ್ಯಾಸ ಕಾಣುವುದಿಲ್ಲ. ಆದರೆ ನನ್ನ ಸುಸ್ತಿನಲ್ಲಿ ನನ್ನನ್ನು ಜಾಸ್ತಿ ಕಾಡುವುದು ಬೇರೆಯೇ. ಎಂಟು ಗಂಟೆ ಮಲಗಿ ಎದ್ದರೂ ನಿದ್ದೆ ಮಾಡಿದಂತೆ ಅನ್ನಿಸುವುದಿಲ್ಲ. ಓದುತ್ತಿದ್ದ ಸಾಲು ತಲೆಗೆ ಹತ್ತುವುದಿಲ್ಲ. ಮಾತಾಡುವಾಗ ಹೇಳಬೇಕೆಂದಿದ್ದ ಪದ ಸಿಗುವುದಿಲ್ಲ. ಇದು ನಿಮ್ಮ ಆರರಲ್ಲಿ ಎಲ್ಲೂ ಇಲ್ಲ.

ಇನ್ನೊಂದು. ಹೋದ ಏಳು ದಿನ ಅಂದರೆ ನಾನು ಯಾವ ದಿನ ಹೇಳಲಿ? ಡಯಾಲಿಸಿಸ್ ಆದ ಸಂಜೆ ನೆಲ ಹಿಡಿದಿರುತ್ತೇನೆ. ಮಾರನೆಯ ದಿನ ಪರವಾಗಿಲ್ಲ. ಎರಡನ್ನೂ ಸೇರಿಸಿ ಸರಾಸರಿ ಹೇಳಲು ಬರುವುದಿಲ್ಲ. ಕೊನೆಗೆ ಹಾಳೆ ಕೊಟ್ಟ ದಿನ ಹೇಗಿರುತ್ತೇನೋ ಅದನ್ನೇ ಬರೆಯುತ್ತೇನೆ.

ಆರುಪ್ರಶ್ನೆ

ನಿಮ್ಮ ಮಾತು ಓದಿ ಮೂಲದ ಹಾಳೆ ತೆಗೆದು ನೋಡಿದೆ. ನಿದ್ದೆಯಿಂದ ಚೇತರಿಕೆ ಆಗದಿರುವುದು, ಗಮನ ಇಡಲು ಆಗದಿರುವುದು, ಮರೆವು, ಈ ಮೂರೂ ಅಲ್ಲಿದ್ದವು. ಒಟ್ಟು ಅಂಕದ ಜೊತೆ ಕೋರಿಲೇಷನ್ ಕಡಿಮೆ ಅಂತ ಸಾಫ್ಟ್‌ವೇರ್ ಹೊರಗೆ ಹಾಕಿತ್ತು. ತುಂಬಾ ಧನ್ಯವಾದಗಳು ಸರ್.

ಲೆಕ್ಕದಮೇಷ್ಟ್ರು

ನಾನು ಒಂದು ಪುಟ ಬರೆದು ಹೇಳಬೇಕಿದ್ದದ್ದನ್ನು ದೀರ್ಘರೋಗಿ ಅವರು ನಾಲ್ಕು ಸಾಲಿನಲ್ಲಿ ಹೇಳಿದ್ದಾರೆ. ಕಂಟೆಂಟ್ ವ್ಯಾಲಿಡಿಟಿ ಅನ್ನುವುದು ಇದನ್ನೇ. ರೋಗಿಗಳು ವರದಿ ಮಾಡುವ ಅಳತೆಗಳನ್ನು ಹೇಗೆ ತೂಗಿ ನೋಡಬೇಕು ಎಂದು ಕಾಸ್ಮಿನ್ ತಂಡ 2010ರಲ್ಲಿ ಹಲವು ದೇಶಗಳ ತಜ್ಞರ ಒಮ್ಮತ ಪಡೆದು ಪ್ರಕಟಿಸಿತು. ಆಮೇಲೆ ಅದನ್ನು ತಿದ್ದುತ್ತಾ ಬಂದಿದೆ. ಅವರ ಕ್ರಮದಲ್ಲಿ ಕಂಟೆಂಟ್ ವ್ಯಾಲಿಡಿಟಿಯೇ ಮೊದಲು. ಪ್ರಶ್ನೆಗಳು ಸಂಬಂಧಪಟ್ಟವೇ, ಮುಖ್ಯವಾದದ್ದೆಲ್ಲ ಒಳಗೆ ಬಂದಿದೆಯೇ, ಓದಿದವರಿಗೆ ಅರ್ಥವಾಗುತ್ತದೆಯೇ, ಈ ಮೂರನ್ನೂ ರೋಗಿಗಳನ್ನೇ ಕೇಳಬೇಕು. ಎರಡನೆಯದು ಒಳಗಿನ ರಚನೆ, ಅಂದರೆ ಯಾವ ಪ್ರಶ್ನೆಗಳು ಒಂದು ಗುಂಪಾಗುತ್ತವೆ ಎಂದು ನೋಡುವ ಫ್ಯಾಕ್ಟರ್ ಅನಾಲಿಸಿಸ್. ಆಲ್ಫಾ ಬರುವುದು ಅದರ ಜೊತೆಗೆ. ಅದೂ ಪ್ರಶ್ನೆಗಳೆಲ್ಲ ಒಂದೇ ಸಂಗತಿಯನ್ನು ಅಳೆಯುತ್ತವೆ ಎಂದು ಖಚಿತವಾದ ಮೇಲೆ ಮಾತ್ರ ಅದಕ್ಕೆ ಅರ್ಥ. ಎಷ್ಟೋ ಥೀಸಿಸ್‌ಗಳಲ್ಲಿ ಆಲ್ಫಾದಿಂದಲೇ ಶುರುವಾಗಿ ಅಲ್ಲೇ ಮುಗಿಯುತ್ತದೆ. ಅದು ನನಗೆ ನಿಜವಾಗಿ ಬೇಸರದ ವಿಷಯ.

ಆರುಪ್ರಶ್ನೆ

ಮತ್ತೆ ಆ 0.94? ಮೂಲದ ಜೊತೆ ಅಷ್ಟು ಚೆನ್ನಾಗಿ ಹೊಂದುತ್ತದೆಯಲ್ಲ?

ಲೆಕ್ಕದಮೇಷ್ಟ್ರು

ಅದನ್ನೂ ಬಿಡಿಸಿ ನೋಡೋಣ. ಜನ ಒಂದೇ ಸಲ 24 ಪ್ರಶ್ನೆಗಳಿಗೆ ಉತ್ತರಿಸಿದರು. ನೀವು ಅದರಿಂದಲೇ ಆರನ್ನು ಎತ್ತಿ ಕೂಡಿಸಿದಿರಿ. ಆಮೇಲೆ ಆ ಮೊತ್ತವನ್ನು 24ರ ಮೊತ್ತದ ಜೊತೆ ಹೋಲಿಸಿದಿರಿ. ಆದರೆ ಆ ಆರು ಉತ್ತರಗಳು ಎರಡೂ ಕಡೆ ಇವೆ. ಒಂದು ಪ್ರಶ್ನೆಯನ್ನು ಯಾರೋ ತಪ್ಪಾಗಿ ಓದಿ ತಪ್ಪು ಟಿಕ್ ಹಾಕಿದ್ದರೆ, ಆ ತಪ್ಪೂ ಎರಡೂ ಕಡೆ ಎಣಿಕೆಗೆ ಬಂದಿದೆ. ಅಳತೆಯ ತಪ್ಪು ತನ್ನ ಜೊತೆ ತಾನೇ ಹೊಂದಿಕೊಂಡು ಕೋರಿಲೇಷನ್ ಉಬ್ಬುತ್ತದೆ.

ಚಿಕ್ಕ ಪ್ರಶ್ನಾವಳಿಗೆ ಒಂದು ಅನುಕೂಲ ಇದೆ, ಅದನ್ನು ಸರಿಯಾಗಿ ಬಳಸಿಕೊಳ್ಳಿ. ಸುಸ್ತು, ನೋವು, ಖಿನ್ನತೆ ಇಂಥವಕ್ಕೆ ಒರೆಗಲ್ಲು ಅನ್ನುವಂಥ ಪಕ್ಕಾ ಅಳತೆ ಸಾಮಾನ್ಯವಾಗಿ ಇರುವುದಿಲ್ಲ. ಆದರೆ ಉದ್ದದ್ದನ್ನು ಚಿಕ್ಕದು ಮಾಡಿದಾಗ ಮಾತ್ರ, ಮೂಲದ ಉದ್ದ ಪ್ರಶ್ನಾವಳಿಯನ್ನೇ ಒರೆಗಲ್ಲಾಗಿ ಇಟ್ಟುಕೊಳ್ಳಬಹುದು ಎಂದು ಕಾಸ್ಮಿನ್ ಒಪ್ಪುತ್ತದೆ. ಹಾಗಾದರೆ ಎರಡನ್ನೂ ಬೇರೆ ಬೇರೆಯಾಗಿ ಕೊಡಿ. ಹೊಸ ಜನರಿಗೆ ಕೊಡಿ. ಯಾವ ಡೇಟಾದಿಂದ ಪ್ರಶ್ನೆ ಆರಿಸಿದಿರೋ ಅದರಲ್ಲೇ ಪರೀಕ್ಷೆ ಮಾಡಿದರೆ ಫಲಿತಾಂಶ ಚೆನ್ನಾಗಿ ಬರುವುದು ಸಹಜ. ಆ 150 ಜನರಲ್ಲಿ ಆಕಸ್ಮಿಕವಾಗಿ ಚೆನ್ನಾಗಿ ಹೊಂದಿದ ಪ್ರಶ್ನೆಗಳೂ ಅದರಲ್ಲಿ ಸೇರಿರುತ್ತವೆ. ಹೊಸ ಗುಂಪಿನಲ್ಲಿ ಆ ಲಾಭ ಸಿಗುವುದಿಲ್ಲ.

ಫಿಸಿಯೋಗೆಳೆಯ

ಮೇಷ್ಟ್ರೇ, ನಿಮ್ಮ ಲೆಕ್ಕ ಸರಿ. ಆದರೆ ಕ್ಲಿನಿಕ್‌ನ ಕಷ್ಟವನ್ನೂ ನೋಡಿ. ಹೊರಗೆ ಸಾಲು ನಿಂತಿರುತ್ತದೆ. ಉದ್ದದ ಹಾಳೆ ಕೊಟ್ಟರೆ ಅರ್ಧ ತುಂಬಿ ವಾಪಸ್ ಕೊಡುತ್ತಾರೆ. ಆರು ಪ್ರಶ್ನೆ ಪೂರ್ತಿ ತುಂಬಿದ್ದು, ಅರ್ಧಕ್ಕೆ ಬಿಟ್ಟ 24 ಪ್ರಶ್ನೆಗಿಂತ ಮೇಲು. ಇಷ್ಟೆಲ್ಲ ಶರತ್ತು ಹಾಕಿದರೆ ಯಾರೂ ಏನನ್ನೂ ಅಳೆಯುವುದೇ ಇಲ್ಲ. ಸುಮ್ನೆ ನೋಡಿ ಅಂದಾಜು ಮಾಡುತ್ತಾರೆ. ಅದು ಇನ್ನೂ ಕೆಟ್ಟದ್ದು.

ಲೆಕ್ಕದಮೇಷ್ಟ್ರು

ಚಿಕ್ಕದು ಬೇಡ ಎಂದು ನಾನು ಹೇಳುತ್ತಿಲ್ಲ. ಆರು ಪ್ರಶ್ನೆಯೇ ಇರಲಿ. ಆ ಆರು ಯಾವುವು ಅನ್ನುವುದು ನನ್ನ ಜಗಳ. ಮೊದಲ ನಾಲ್ಕರಲ್ಲಿ ಎರಡನ್ನು ತೆಗೆದು, ನಿದ್ದೆಯ ಚೇತರಿಕೆಯದ್ದೊಂದು, ಗಮನದ್ದೊಂದು ಹಾಕಿದರೆ ಆಲ್ಫಾ ಇಳಿಯುತ್ತದೆ. 0.91 ಹೋಗಿ 0.8ರ ಹತ್ತಿರ ಬರಬಹುದು. ಆದರೂ ಅದು ಉತ್ತಮ ಪ್ರಶ್ನಾವಳಿ. ಇಷ್ಟನ್ನು ಪರೀಕ್ಷಕರ ಮುಂದೆ ಧೈರ್ಯವಾಗಿ ಹೇಳುವುದು ಈ ಹುಡುಗಿಗೆ ಗೊತ್ತಾಗಬೇಕು ಅನ್ನುವುದು ನನ್ನ ಆಸೆ.

ಮನಸ್ಸಿನಡಾಕ್ಟರ್

ತಡವಾಗಿ ಬಂದೆ. ಫಿಸಿಯೋಗೆಳೆಯ ಅವರ ಮಾತಿಗೆ ಒಂದು ಉದಾಹರಣೆ ಸೇರಿಸುತ್ತೇನೆ, ಅದು ಎರಡೂ ಕಡೆಗೆ ಕತ್ತರಿಸುತ್ತದೆ.

ಖಿನ್ನತೆ ಅಳೆಯಲು ನಾವು ದಿನಾ ಬಳಸುವ ಪಿಎಚ್‌ಕ್ಯೂ-9, ಚಿಕ್ಕ ಪ್ರಶ್ನಾವಳಿ ಹೇಗೆ ಉಪಯೋಗಕ್ಕೆ ಬರುತ್ತದೆ ಎಂಬುದಕ್ಕೆ ಒಳ್ಳೆಯ ಸಾಕ್ಷಿ. ಒಂಬತ್ತು ಪ್ರಶ್ನೆ, 0ಯಿಂದ 27 ಅಂಕ. 2001ರಲ್ಲಿ ಕ್ರೋಂಕೆ, ಸ್ಪಿಟ್ಜರ್, ವಿಲಿಯಮ್ಸ್ ಪ್ರಕಟಿಸಿದ ಅಧ್ಯಯನದಲ್ಲಿ 6,000 ರೋಗಿಗಳಿದ್ದರು. ಅರ್ಧ ಜನ ಸಾಮಾನ್ಯ ಚಿಕಿತ್ಸೆಯ ಕ್ಲಿನಿಕ್‌ಗಳಿಂದ, ಅರ್ಧ ಜನ ಸ್ತ್ರೀರೋಗ ಮತ್ತು ಹೆರಿಗೆಯ ಕ್ಲಿನಿಕ್‌ಗಳಿಂದ. ಆಲ್ಫಾ ಒಂದರಲ್ಲಿ 0.89, ಇನ್ನೊಂದರಲ್ಲಿ 0.86. ಅಷ್ಟಕ್ಕೆ ಅವರು ನಿಲ್ಲಿಸಲಿಲ್ಲ. 48 ಗಂಟೆಯೊಳಗೆ ಫೋನಿನಲ್ಲಿ ಮತ್ತೆ ಕೇಳಿ ಹೋಲಿಸಿದರು, 0.84 ಬಂತು. 580 ಜನರಿಗೆ ಮಾನಸಿಕ ಆರೋಗ್ಯದ ತಜ್ಞರಿಂದ ಸಂದರ್ಶನವನ್ನೂ ಮಾಡಿಸಿದರು. ಅಂಕ 10 ಎಂದು ಗೆರೆ ಎಳೆದದ್ದು ಆ ಸಂದರ್ಶನದ ಆಧಾರದ ಮೇಲೆ.

ಇಷ್ಟು ಒಳ್ಳೆಯ ಸಾಧನವನ್ನೂ ತಪ್ಪಾಗಿ ಬಳಸಬಹುದು. 2019ರಲ್ಲಿ ಬಿಎಂಜೆ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಹಲವು ಅಧ್ಯಯನಗಳ ಡೇಟಾವನ್ನು ಒಟ್ಟುಗೂಡಿಸಿದ ವಿಶ್ಲೇಷಣೆ ಬಂತು. ಅಂಕ 10 ಅಥವಾ ಹೆಚ್ಚು ಅಂದಾಗ ಸೆನ್ಸಿಟಿವಿಟಿ (ಖಿನ್ನತೆ ಇರುವವರನ್ನು ಹಿಡಿಯುವ ಪ್ರಮಾಣ) 88%, ಸ್ಪೆಸಿಫಿಸಿಟಿ (ಇಲ್ಲದವರನ್ನು ಸರಿಯಾಗಿ ಬಿಡುವ ಪ್ರಮಾಣ) 85%. ಕೇಳಲು ತುಂಬಾ ಚೆನ್ನಾಗಿದೆ. ಈಗ 1,000 ಜನರಿಗೆ ಹಾಳೆ ಕೊಡಿ. ಅವರಲ್ಲಿ 100 ಜನರಿಗೆ ನಿಜವಾಗಿ ಖಿನ್ನತೆ ಇದೆ ಎಂದುಕೊಳ್ಳಿ. 88 ಜನರನ್ನು ಹಾಳೆ ಹಿಡಿಯುತ್ತದೆ. ಉಳಿದ 900 ಜನರಲ್ಲಿ 135 ಜನರನ್ನೂ ತಪ್ಪಾಗಿ ಹಿಡಿಯುತ್ತದೆ. ಅಂದರೆ ಗೆರೆ ದಾಟಿದ 223 ಜನರಲ್ಲಿ ನಿಜವಾಗಿ ಖಿನ್ನತೆ ಇರುವವರು ಶೇ. 40ರಷ್ಟೂ ಇಲ್ಲ. ಆದ್ದರಿಂದ ಗೆರೆ ದಾಟಿದವರನ್ನು ಕೂರಿಸಿ ಮಾತಾಡಬೇಕು. ಹಾಳೆ ನೋಡಿಯೇ ರೋಗ ಇದೆ ಎಂದು ಬರೆಯಬಾರದು. ಪಿಎಚ್‌ಕ್ಯೂ-9ರ ಅಂಕ ಹಿಡಿದು ಇಷ್ಟು ಶೇಕಡಾ ಜನರಿಗೆ ಖಿನ್ನತೆ ಎಂದು ಸುದ್ದಿ ಮಾಡುವವರೂ ಇದನ್ನು ಗಮನಿಸಬೇಕು. ಆಮೇಲಿನ ಇಂಥದ್ದೇ ವಿಶ್ಲೇಷಣೆಯಲ್ಲಿ ಹಾಳೆಯ ಪ್ರಕಾರ 24.6%, ಸಂದರ್ಶನದ ಪ್ರಕಾರ 12.1%. ಎರಡು ಪಟ್ಟು.

ಆರುಪ್ರಶ್ನೆ ಅವರೇ, ನಿಮ್ಮದು ಯಾವ ಕೆಲಸಕ್ಕೆ? ರೋಗ ಹುಡುಕಲಿಕ್ಕಾ, ಚಿಕಿತ್ಸೆಯಿಂದ ಬದಲಾವಣೆ ನೋಡಲಿಕ್ಕಾ, ಗುಂಪುಗಳನ್ನು ಹೋಲಿಸಲಿಕ್ಕಾ? ಒಂದಕ್ಕೆ ಒಳ್ಳೆಯದಾದದ್ದು ಇನ್ನೊಂದಕ್ಕೆ ಆಗುತ್ತದೆ ಎಂದೇನೂ ಇಲ್ಲ.

ಆರುಪ್ರಶ್ನೆ

ಬದಲಾವಣೆ ನೋಡಲಿಕ್ಕೆ ಡಾಕ್ಟರೇ. ವ್ಯಾಯಾಮ ಶುರುಮಾಡುವ ಮೊದಲು ಒಂದು ಸಲ, ಎಂಟು ವಾರದ ಮೇಲೆ ಇನ್ನೊಂದು ಸಲ. ಪ್ರತಿ ರೋಗಿಗೂ ಸುಸ್ತು ಕಡಿಮೆಯಾಗಿದೆಯಾ ಎಂದು ಹೇಳಬೇಕು.

ಲೆಕ್ಕದಮೇಷ್ಟ್ರು

ಒಬ್ಬೊಬ್ಬರ ಬಗ್ಗೆ ಹೇಳಬೇಕಾದರೆ ಅಳತೆಯ ತಪ್ಪು ಎಷ್ಟು ಅಂಕ ಎಂದು ಮೊದಲು ಗೊತ್ತಿರಬೇಕು. ನಿಮ್ಮ ಡೇಟಾದಲ್ಲಿ ಎಸ್‌ಡಿ, ಅಂದರೆ ಅಂಕಗಳು ಸರಾಸರಿಯ ಸುತ್ತ ಹರಡಿರುವ ಪ್ರಮಾಣ, ಎಷ್ಟು?

ಆರುಪ್ರಶ್ನೆ

ಸುಮಾರು 5.

ಲೆಕ್ಕದಮೇಷ್ಟ್ರು

ಸರಿ. ಅದೇ ಜನರಿಗೆ ಮತ್ತೆ ಕೊಟ್ಟು ನೋಡುವ ಮರುಪರೀಕ್ಷೆಯಲ್ಲಿ ಐಸಿಸಿ, ಅಂದರೆ ಎರಡು ಸಲದ ಅಂಕಗಳು ಎಷ್ಟು ತಾಳೆಯಾಗುತ್ತವೆ ಅನ್ನುವ ಅಂಕಿ, 0.84 ಬಂತು ಎಂದು ಇಟ್ಟುಕೊಳ್ಳಿ. ಅದು ಒಳ್ಳೆಯ ಅಂಕಿಯೇ, 0.70 ದಾಟಿದರೆ ಸಾಕು ಅನ್ನುತ್ತಾರೆ. ಒಂದರಿಂದ 0.84 ಕಳೆದರೆ 0.16. ಅದರ ವರ್ಗಮೂಲ 0.4. ಅದನ್ನು ಎಸ್‌ಡಿ 5ರಿಂದ ಗುಣಿಸಿದರೆ 2. ಇದು ಒಂದು ಅಳತೆಯ ತಪ್ಪು, ಎಸ್‌ಇಎಂ. ನೀವು ಎರಡು ಸಲ ಅಳೆಯುತ್ತೀರಿ. ತಪ್ಪು ಎರಡೂ ಕಡೆಯಿಂದ ಬರುತ್ತದೆ. ಹಾಗಾಗಿ 2ನ್ನು ಎರಡರ ವರ್ಗಮೂಲದಿಂದಲೂ 1.96ರಿಂದಲೂ ಗುಣಿಸಬೇಕು. ಸುಮಾರು 5.5.

ಅಂದರೆ ಒಬ್ಬ ರೋಗಿಯ ಅಂಕ 16ರಿಂದ 12ಕ್ಕೆ ಇಳಿದರೆ ಸುಸ್ತು ಕಡಿಮೆಯಾಯಿತು ಎಂದು ಖಚಿತವಾಗಿ ಹೇಳಲು ಬರುವುದಿಲ್ಲ. ಏನೂ ಬದಲಾಗದಿದ್ದರೂ ಅಷ್ಟು ಏರುಪೇರು ಆಗಬಹುದು. ಆರು ಅಂಕ ಇಳಿದರೆ ಮಾತು ಬೇರೆ. ಐಸಿಸಿ 0.72 ಬಂದರೆ ಏಳು ಅಂಕ ಇಳಿದರೂ ಸಾಲುವುದಿಲ್ಲ.

ಗುಂಪಿನ ಸರಾಸರಿಗೆ ಇಷ್ಟು ಚಿಂತೆ ಇಲ್ಲ. 50 ಜನರಿದ್ದರೆ ಆ 5.5ನ್ನು 50ರ ವರ್ಗಮೂಲದಿಂದ ಭಾಗಿಸಿ. 0.8ರ ಹತ್ತಿರ ಬರುತ್ತದೆ. ಆದ್ದರಿಂದ ಸಂಶೋಧನೆಗೆ ಚಿಕ್ಕ ಪ್ರಶ್ನಾವಳಿ ನಡೆಯುತ್ತದೆ, ಒಬ್ಬ ರೋಗಿಯ ಮುಂದೆ ಕೂತು ತೀರ್ಮಾನ ಮಾಡುವಾಗ ಕೈಕೊಡುತ್ತದೆ. ಪ್ರಶ್ನೆ ಕಡಿಮೆ ಮಾಡಿದಾಗ ನಿಜವಾಗಿ ಕಳೆದುಕೊಳ್ಳುವುದು ಇದನ್ನು. ನಿಮ್ಮ ಥೀಸಿಸ್‌ನಲ್ಲಿ ಒಂದೇ ಒಂದು ಅಂಕಿ ಹೊಸದಾಗಿ ಸೇರಿಸುವುದಾದರೆ ಇದನ್ನೇ ಸೇರಿಸಿ ಅನ್ನುತ್ತೇನೆ.

ಫಿಸಿಯೋಗೆಳೆಯ

ಇದು ನನಗೆ ಹೊಸ ವಿಷಯ. ನಾವು ಎರಡು ಅಂಕ ಇಳಿದರೂ ಸುಧಾರಣೆ ಎಂದು ಫೈಲಿನಲ್ಲಿ ಬರೆಯುತ್ತೇವೆ. ಆದರೆ ಮೇಷ್ಟ್ರೇ, ರೋಗಿಗೆ ಎಷ್ಟು ಇಳಿದರೆ ಹಾಯಾಗುತ್ತದೆ ಅನ್ನುವುದು ಬೇರೆ ಅಲ್ವಾ?

ಲೆಕ್ಕದಮೇಷ್ಟ್ರು

ಹೌದು, ಬೇರೆಯೇ. ಅಳತೆಯ ತಪ್ಪನ್ನು ಮೀರಿದ ಬದಲಾವಣೆ ಒಂದು. ರೋಗಿಗೆ ಬೆಲೆ ಇರುವ ಬದಲಾವಣೆ ಇನ್ನೊಂದು. ಎರಡನೆಯದನ್ನು ಸೂತ್ರದಿಂದ ತೆಗೆಯಲು ಆಗುವುದಿಲ್ಲ. ಎಂಟು ವಾರದ ಕೊನೆಯಲ್ಲಿ ರೋಗಿಯನ್ನೇ ಕೇಳಬೇಕು: ಮೊದಲಿಗಿಂತ ತುಂಬಾ ಕಡಿಮೆ, ಸ್ವಲ್ಪ ಕಡಿಮೆ, ಹಾಗೇ ಇದೆ, ಜಾಸ್ತಿಯಾಗಿದೆ. ಸ್ವಲ್ಪ ಕಡಿಮೆ ಅಂದವರ ಅಂಕ ಎಷ್ಟು ಇಳಿದಿದೆ ನೋಡಬೇಕು. ಪಿಎಚ್‌ಕ್ಯೂ-9ರಲ್ಲಿ 5 ಅಂಕದ ಇಳಿಕೆಗೆ ಬೆಲೆ ಕೊಡುತ್ತಾರೆ. ನಿಮ್ಮಲ್ಲಿ ಮೂರು ಅಂಕಕ್ಕೇ ರೋಗಿ ಹಾಯಾಗಿದ್ದೇನೆ ಅಂದು, ಅಳತೆಯ ತಪ್ಪು 5.5 ಇದ್ದರೆ, ಆ ಪ್ರಶ್ನಾವಳಿ ಒಬ್ಬೊಬ್ಬರಿಗೆ ಬಳಸಲು ಸಾಲದು.

ವಾರ್ಡಿನಕ್ಕ

ನಾನು ನರ್ಸ್. ನೀವೆಲ್ಲ ಬಿಟ್ಟಿರುವ ಒಂದು ಭಾಗ ಇದೆ. ಆ ಹಾಳೆ ತುಂಬುವ ಹೊತ್ತು.

ಓದಲು ಬಾರದವರಿಗೆ, ಕನ್ನಡಕ ತರದವರಿಗೆ ನಾವು ಓದಿ ಹೇಳುತ್ತೇವೆ. ನಾನು ನಿಂತು ಕೇಳಿದರೆ ಜನ ಪರವಾಗಿಲ್ಲ ಸಿಸ್ಟರ್ ಅನ್ನುತ್ತಾರೆ. ಅದೇ ಹಾಳೆಯನ್ನು ಒಬ್ಬರೇ ಕೂತು ತುಂಬಿದರೆ ಬೇರೆ ಬರೆಯುತ್ತಾರೆ. ಪಕ್ಕದಲ್ಲಿ ಮಗನೋ ಹೆಂಡತಿಯೋ ಇದ್ದರೆ ಅವರೇ ಉತ್ತರ ಹೇಳಿಬಿಡುತ್ತಾರೆ. ಮೊದಲ ಸಲ ನಾನು ಓದಿ, ಎಂಟು ವಾರದ ಮೇಲೆ ರೋಗಿಯೇ ಮೊಬೈಲಿನಲ್ಲಿ ತುಂಬಿದರೆ, ಆ ವ್ಯತ್ಯಾಸ ಚಿಕಿತ್ಸೆಯಿಂದ ಬಂತೋ ಕೇಳಿದ ರೀತಿಯಿಂದ ಬಂತೋ ಹೇಗೆ ಗೊತ್ತಾಗುತ್ತದೆ? ಎರಡೂ ಸಲ ಒಂದೇ ರೀತಿ ಕೇಳಿಸಿ ತಾಯಿ. ಯಾರು ಓದಿದರು, ಯಾರು ಜೊತೆಗಿದ್ದರು ಅನ್ನುವುದನ್ನು ಹಾಳೆಯ ಮೂಲೆಯಲ್ಲಿ ಬರೆಸಿ.

ಮತ್ತೆ ನಿಮ್ಮ ಆರನೇ ಪ್ರಶ್ನೆ. ಮನೆಗೆಲಸ ಅಥವಾ ಹೊರಗಿನ ಕೆಲಸ ಅಂತಿದೆ. ಮನೆಗೆಲಸ ಹೇಗೋ ಮಾಡಿದೆ, ಹೊರಗೆ ಹೋಗಲು ಆಗಲಿಲ್ಲ ಅನ್ನುವವರು ಎಲ್ಲಿ ಟಿಕ್ ಹಾಕಬೇಕು? ಮಂಚ ಬಿಟ್ಟು ಏಳಲಾಗದವರು ಏನು ಬರೆಯಬೇಕು? ಅವರಿಗೆ ಮಾಡಲು ಕೆಲಸವೇ ಇಲ್ಲ. ಹಾಗಾಗಿ ಸೊನ್ನೆ ಹಾಕುತ್ತಾರೆ. ತೀರಾ ಸುಸ್ತಿರುವವರಿಗೆ ಸೊನ್ನೆ!

ಮನಸ್ಸಿನಡಾಕ್ಟರ್

ಅಕ್ಕ ಹೇಳಿದ್ದು ಪಿಎಚ್‌ಕ್ಯೂ-9ಕ್ಕೂ ಅನ್ವಯಿಸುತ್ತದೆ. ನಿದ್ದೆ ಬಾರದಿರುವುದು, ನಿದ್ದೆ ಜಾಸ್ತಿಯಾಗುವುದು ಎರಡೂ ಅದರಲ್ಲಿ ಒಂದೇ ಪ್ರಶ್ನೆ. ಹಸಿವಿಲ್ಲದಿರುವುದು, ಅತಿಯಾಗಿ ತಿನ್ನುವುದು ಒಂದೇ ಪ್ರಶ್ನೆ. ಅಂಕ 2 ಬಂದರೆ ಯಾವುದು ಎಂದು ಹಾಳೆಯಿಂದ ತಿಳಿಯುವುದಿಲ್ಲ. ರೋಗನಿರ್ಣಯದ ಪಟ್ಟಿಯನ್ನು ಅನುಸರಿಸಿ ಹಾಗೆ ಮಾಡಿದ್ದಾರೆ, ಸ್ಕ್ರೀನಿಂಗ್‌ಗೆ ತೊಂದರೆ ಇಲ್ಲ. ಆದರೆ ಚಿಕಿತ್ಸೆ ಕೊಡುವಾಗ ಬಾಯಿಬಿಟ್ಟು ಕೇಳಲೇಬೇಕು. ದೀರ್ಘರೋಗಿ ಅವರಂಥ ಡಯಾಲಿಸಿಸ್ ರೋಗಿಗಳಲ್ಲಿ ಇನ್ನೂ ಒಂದು ತೊಡಕಿದೆ. ಸುಸ್ತು, ನಿದ್ದೆ, ಹಸಿವಿನ ಪ್ರಶ್ನೆಗಳಿಗೆ ಕಿಡ್ನಿ ಕಾಯಿಲೆಯಿಂದಲೇ ಅಂಕ ಬೀಳುತ್ತದೆ. ಮನಸ್ಸು ಗಟ್ಟಿಯಾಗಿದ್ದರೂ ಒಟ್ಟು ಅಂಕ ಗೆರೆಯ ಹತ್ತಿರ ಬರುತ್ತದೆ.

ದೀರ್ಘರೋಗಿ

ನನಗೆ ಇದು ಆಗಿದೆ. ನಾನು ಬೇಜಾರಿನಲ್ಲಿರಲಿಲ್ಲ. ಅಂಕ ನೋಡಿ ಮಾತ್ರೆ ಬರೆಯಲು ಹೊರಟಿದ್ದರು. ಆಮೇಲೆ ಒಬ್ಬರು ಕೂತು ಮಾತಾಡಿಸಿದರು, ಆಗ ಸರಿಹೋಯಿತು.

ಹೊಸಬ

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಒಟ್ಟಾರೆ ಆರೋಗ್ಯ ಅಳೆಯುವ ಇಕ್ಯೂ-5ಡಿ ಪ್ರಶ್ನಾವಳಿಗೂ ಆಲ್ಫಾ ತೆಗೆಯಬೇಕಾ? ನನಗೆ 0.6 ಮಾತ್ರ ಬರುತ್ತಿದೆ.

ಲೆಕ್ಕದಮೇಷ್ಟ್ರು

ಬೇಡ. ಅದರಲ್ಲಿ ನಡೆದಾಟ, ಸ್ವಂತ ಆರೈಕೆ, ದಿನನಿತ್ಯದ ಕೆಲಸ, ನೋವು, ಆತಂಕ ಮತ್ತು ಖಿನ್ನತೆ ಎಂದು ಐದು ಬೇರೆ ಬೇರೆ ಸಂಗತಿಗಳಿವೆ. ಮಂಡಿ ನೋವಿರುವವರಿಗೆ ಆತಂಕ ಇರಲೇಬೇಕು ಎಂದೇನೂ ಇಲ್ಲ. ಐದೂ ಸೇರಿ ಆರೋಗ್ಯದ ಚಿತ್ರ ಆಗುತ್ತದೆ, ಅಷ್ಟೇ. ಒಂದೇ ಮೂಲದಿಂದ ಹುಟ್ಟಿದ ಉತ್ತರಗಳಿಗೆ ಮಾತ್ರ ಆಲ್ಫಾ. ಇಕ್ಯೂ-5ಡಿಯಲ್ಲಿ ನೋಡಬೇಕಾದದ್ದು ಎಷ್ಟು ಜನ ಎಲ್ಲದಕ್ಕೂ ತೊಂದರೆಯೇ ಇಲ್ಲ ಎಂದು ಬರೆದಿದ್ದಾರೆ ಅನ್ನುವುದನ್ನು. ಜನರೆಲ್ಲ ಆ ತುದಿಯಲ್ಲಿ ಗುಂಪುಗೂಡಿದರೆ ಅಲ್ಲಿಂದ ಮೇಲಿನ ಸುಧಾರಣೆ ಕಾಣುವುದೇ ಇಲ್ಲ. ಶೇ. 15ಕ್ಕಿಂತ ಜಾಸ್ತಿ ಜನ ಒಂದು ತುದಿಯಲ್ಲಿದ್ದರೆ ಎಚ್ಚರ ಅನ್ನುವುದು ರೂಢಿ. ಈ ತೊಂದರೆ ಕಡಿಮೆ ಮಾಡಲೆಂದೇ ಪ್ರತಿ ಪ್ರಶ್ನೆಗೆ ಮೂರು ಹಂತ ಇದ್ದದ್ದನ್ನು ಐದು ಮಾಡಿದರು. ಐದೂ ಉತ್ತರಗಳ ಜೋಡಣೆಯಿಂದ ಆಗುವ ಸ್ಥಿತಿಗಳು 243 ಇದ್ದದ್ದು 3,125 ಆಯಿತು.

ಆರುಪ್ರಶ್ನೆ

ಮರುಪರೀಕ್ಷೆಯ ಬಗ್ಗೆ ಒಂದು ಅನುಮಾನ. ಮಾರನೆಯ ದಿನವೇ ಮತ್ತೆ ಕೊಡಬಹುದಾ? ಮತ್ತೆ ಐಸಿಸಿಯೇ ಯಾಕೆ, ಪಿಯರ್ಸನ್ ಕೋರಿಲೇಷನ್ ಆಗುವುದಿಲ್ಲವಾ?

ಲೆಕ್ಕದಮೇಷ್ಟ್ರು

ಎರಡನೇ ಸಲ ಎಲ್ಲರೂ ಮೂರು ಅಂಕ ಜಾಸ್ತಿ ಕೊಟ್ಟರು ಎಂದುಕೊಳ್ಳಿ. 8 ಇದ್ದವರು 11, 14 ಇದ್ದವರು 17. ಪಿಯರ್ಸನ್ ಪೂರ್ತಿ 1 ತೋರಿಸುತ್ತದೆ. ಒಬ್ಬರ ಅಂಕವೂ ಮೊದಲಿನಂತಿಲ್ಲ, ಆದರೂ 1! ಅಂಕಗಳು ತಾಳೆಯಾಗುತ್ತವೆಯೇ ಎಂದು ನೋಡುವ ಬಗೆಯ ಐಸಿಸಿ ಈ ಏರಿಕೆಯನ್ನು ಹಿಡಿಯುತ್ತದೆ. ಸಾಫ್ಟ್‌ವೇರ್‌ನಲ್ಲಿ ಐಸಿಸಿಗೆ ಹಲವು ಬಗೆಗಳಿವೆ. ಯಾವುದನ್ನು ಬಳಸಿದಿರಿ ಎಂದು ಬರೆಯಿರಿ.

ಮಾರನೆಯ ದಿನ ಬೇಡ. ಹಿಂದಿನ ಉತ್ತರ ನೆನಪಿರುತ್ತದೆ, ಅದನ್ನೇ ಮತ್ತೆ ಬರೆಯುತ್ತಾರೆ. ತುಂಬಾ ತಡವಾದರೆ ಕಾಯಿಲೆಯೇ ಬದಲಾಗಿರುತ್ತದೆ. ಸಾಮಾನ್ಯವಾಗಿ ಎರಡು ವಾರದ ಆಸುಪಾಸು ಇಡುತ್ತಾರೆ. ನಿಮ್ಮಲ್ಲಿ ಡಯಾಲಿಸಿಸ್ ರೋಗಿಗಳಿದ್ದರೆ ಎರಡೂ ಸಲ ವಾರದ ಅದೇ ದಿನ, ಚಿಕಿತ್ಸೆಗೆ ಮೊದಲೋ ನಂತರವೋ ಅದೇ ಹೊತ್ತಿನಲ್ಲಿ ಕೊಡಿ. ಸುಸ್ತು ಮೊದಲಿನಂತೆಯೇ ಇದೆಯಾ ಎಂದೂ ಕೇಳಿ. ಇದೆ ಅಂದವರನ್ನು ಮಾತ್ರ ಐಸಿಸಿಗೆ ಸೇರಿಸಿಕೊಳ್ಳಿ. 100 ಜನ ಸಿಕ್ಕರೆ ಒಳ್ಳೆಯದು, 50ಕ್ಕಿಂತ ಕಡಿಮೆ ಆಗದಿರಲಿ.

ಡೇಟಾಪ್ರಿಯ

ನನ್ನ ಸಲಹೆ ವಾಪಸ್ ತೆಗೆದುಕೊಳ್ಳುತ್ತೇನೆ. ಒಂದು ವಿಷಯ ಸೇರಿಸಲಾ? ಗಂಡಸರು, ಹೆಂಗಸರು ಇಬ್ಬರಿಗೂ ಪ್ರಶ್ನೆ ಒಂದೇ ರೀತಿ ಕೆಲಸ ಮಾಡುತ್ತದೆಯೇ ಎಂದೂ ನೋಡಬೇಕಲ್ಲವೇ? ಖಿನ್ನತೆಯ ಪ್ರಶ್ನಾವಳಿಗಳಲ್ಲಿ ಅಳುವಿನ ಪ್ರಶ್ನೆ ಇದಕ್ಕೆ ಹೆಸರುವಾಸಿ. ಒಂದೇ ಮಟ್ಟದ ಖಿನ್ನತೆ ಇದ್ದರೂ ಹೆಂಗಸರು ಅದಕ್ಕೆ ಜಾಸ್ತಿ ಹೌದು ಅನ್ನುತ್ತಾರೆ.

ಲೆಕ್ಕದಮೇಷ್ಟ್ರು

ಖಂಡಿತ. ಅದಕ್ಕೆ ಡಿಐಎಫ್ ಅನ್ನುತ್ತಾರೆ. ಉದ್ದದ ಪ್ರಶ್ನಾವಳಿಯಲ್ಲಿ ಅಂಥ ಒಂದು ಪ್ರಶ್ನೆ ಇದ್ದರೆ ಉಳಿದವು ಅದನ್ನು ಮುಚ್ಚಿಹಾಕುತ್ತವೆ. ಆರರಲ್ಲಿ ಒಂದು ಹಾಗಾದರೆ ಒಟ್ಟು ಅಂಕವೇ ಓಲುತ್ತದೆ. ಇವರ ಮನೆಗೆಲಸದ ಪ್ರಶ್ನೆಯ ಮೇಲೆ ನನಗೆ ಇದೇ ಗುಮಾನಿ.

ಆರುಪ್ರಶ್ನೆ

ಎಲ್ಲರ ಮಾತು ಕೇಳಿ ಗೈಡ್ ಜೊತೆ ಕೂತೆ. ಮೇಷ್ಟ್ರ 0.72ರ ಲೆಕ್ಕ ತೋರಿಸಿದೆ. ಒಪ್ಪಿದರು. ಎರಡು ಮತ್ತು ನಾಲ್ಕನೇ ಪ್ರಶ್ನೆ ಹೋಗುತ್ತವೆ. ನಿದ್ದೆಯದ್ದು, ಗಮನದ್ದು ಒಳಗೆ ಬರುತ್ತವೆ. ಆರನೆಯದನ್ನು ಸುಸ್ತಿನಿಂದ ಮಾಡಬೇಕೆಂದಿದ್ದ ಕೆಲಸ ಬಿಡಬೇಕಾಯಿತು ಎಂದು ತಿದ್ದಿದ್ದೇವೆ, ಜೊತೆಗೆ ನನಗೆ ಅನ್ವಯಿಸುವುದಿಲ್ಲ ಎಂಬ ಚೌಕವೂ ಇದೆ. ಹೊಸ ಗುಂಪಿಗೆ ಕೊಡುವ ಮೊದಲು ಕೆಲವು ರೋಗಿಗಳ ಜೊತೆ ಕೂತು, ಪ್ರತಿ ಪ್ರಶ್ನೆಗೆ ಆ ಉತ್ತರ ಯಾಕೆ ಕೊಟ್ಟಿರಿ ಎಂದು ಬಾಯಿಬಿಟ್ಟು ಹೇಳಿಸುತ್ತೇನೆ. ವಾರ್ಡಿನಕ್ಕ ಹೇಳಿದಂತೆ ಹಾಳೆಯ ಮೂಲೆಯಲ್ಲಿ ಎರಡು ಚೌಕ ಹಾಕಿಸಿದ್ದೇನೆ.

ಒಂದೇ ಪ್ರಶ್ನೆ ಉಳಿದಿದೆ. ಒಂದೆರಡು ಉತ್ತರ ಬಿಟ್ಟವರ ಹಾಳೆ ಏನು ಮಾಡಲಿ? ಅನ್ವಯಿಸುವುದಿಲ್ಲ ಅಂದವರದ್ದು?

ಲೆಕ್ಕದಮೇಷ್ಟ್ರು

ಒಂದು ಬಿಟ್ಟಿದ್ದರೆ ಉಳಿದ ಐದರ ಸರಾಸರಿ ತುಂಬಿ. ಮೂರು ಬಿಟ್ಟಿದ್ದರೆ ಆ ಅಂಕ ಲೆಕ್ಕಕ್ಕೆ ಬೇಡ. ನಿಯಮ ಯಾವುದೇ ಇರಲಿ, ಡೇಟಾ ನೋಡುವ ಮೊದಲೇ ಬರೆದಿಡಿ. ಅನ್ವಯಿಸುವುದಿಲ್ಲ ಎಂಬುದನ್ನು ಬಿಟ್ಟ ಉತ್ತರದ ಜೊತೆ ಬೆರೆಸಬೇಡಿ, ಬೇರೆಯೇ ಎಣಿಸಿ. ಅದು ಸೊನ್ನೆಯಂತೂ ಅಲ್ಲವೇ ಅಲ್ಲ.

ವಾರ್ಡಿನಕ್ಕ

ಯಾವ ಪ್ರಶ್ನೆಯನ್ನು ಹೆಚ್ಚು ಜನ ಬಿಟ್ಟಿದ್ದಾರೆ ಅಂತಲೂ ನೋಡಿ. ಒಂದೇ ಪ್ರಶ್ನೆಯನ್ನು ಹತ್ತು ಜನ ಬಿಟ್ಟಿದ್ದರೆ ಅವರನ್ನು ಕರೆದು ಕೇಳಿ, ಅವರು ಹೇಳುತ್ತಾರೆ.